ಎರಡಕ್ಷರದ ಹೊಡಿ

ಸಂಕೇಶ್ವರದ ಓಣಿಗಳಲ್ಲಿ ಬೆಳಕು ಹರಿಯುವ ಮೊದಲೇ ಹೊಡೆಯುವ ಕೆಲಸ ಶುರುವಾಗಿರುತ್ತದೆ. ಮನೆಯ ಹಿರಿಯಾಕೆ ಎದ್ದವಳೇ ಕಸಬರಿಗೆ ಹಿಡಿದು ಕಸಾ ಹೊಡೆಯುತ್ತಾಳೆ. ಆಮೇಲೆ ಬಕೆಟ್ಟಿನ ನೀರಿಗೆ ಒಂದಿಷ್ಟು ಸಗಣಿ ಕದಡಿ, ಬೊಗಸೆಯಿಂದ ಅಂಗಳದ ತುಂಬ ಚೆಲ್ಲುತ್ತ ಥಳಿ ಹೊಡೆಯುತ್ತಾಳೆ. ತೊಯ್ದ ಮಣ್ಣಿನ ವಾಸನೆ ಗಮ್ಮನೆ ಹೊಡೆಯುತ್ತದೆ. ಅಷ್ಟೊತ್ತಿಗೆ ಗಡಿಯಾರ ಆರು ಹೊಡೆದಿರುತ್ತದೆ. ಒಳಗೆ ಮಗ ಇನ್ನೂ ಗೊರಕೆ ಹೊಡೆಯುತ್ತಿರುತ್ತಾನೆ. "ಏಳೋ, ಎಷ್ಟ ನಿದ್ದಿ ಹೊಡೀತಿ? ನಿಮ್ಮಪ್ಪ ಆಗಲೇ ಎತ್ತ ಹೊಡಕೊಂಡು ಹೋಗ್ಯಾನ." ಇಷ್ಟೆಲ್ಲ ಹೊಡೆದರೂ ಯಾರ ಮೈಮೇಲೂ ಒಂದು ಏಟು ಬಿದ್ದಿರುವುದಿಲ್ಲ.

ಮೈಸೂರು ಸೀಮೆಯಿಂದ ಮದುವೆಯಾಗಿ ಈ ಕಡೆಗೆ ಬಂದ ಸೊಸೆಗೆ ಮೊದಲ ವಾರ ಇದೇ ಒಂದು ದೊಡ್ಡ ಪಾಠ. ಅವಳ ತವರಿನಲ್ಲಿ ಕಸ ಗುಡಿಸುತ್ತಾರೆ, ನೀರು ಚಿಮುಕಿಸುತ್ತಾರೆ, ಗಾಡಿ ಓಡಿಸುತ್ತಾರೆ. ಇಲ್ಲಿ ಅತ್ತೆ ಅಡುಗೆಮನೆಯಿಂದಲೇ, "ಯವ್ವಾ, ಲಗೂನ ಪಡಸಾಲಿ ಕಸಾ ಹೊಡದ ಬಿಡವಾ, ಮಂದಿ ಬರತಾರ" ಅನ್ನುತ್ತಾಳೆ. ಮಧ್ಯಾಹ್ನ ಊಟಕ್ಕೆ ಕೂತ ಮಾವ, "ನಾಳೆ ಮೆಣಸಿನಗಿಡಕ್ಕ ಎಣ್ಣಿ ಹೊಡ್ಯಾಕ ಇವನ್ನ ಕಳಿಸಬೇಕು" ಎಂದು ಮಗನ ಕಡೆ ಕೈ ತೋರಿಸುತ್ತಾನೆ. ಬೆಂಗಳೂರಿನ ಕಾಲೇಜಿನಲ್ಲಿ ಓದಿದ ಹುಡುಗಿಗೆ ಎಣ್ಣೆ ಹೊಡೆಯುವುದೆಂದರೆ ಒಂದೇ ಅರ್ಥ. ಗಂಡನ ಮುಖ ನೋಡುತ್ತಾಳೆ. ಅವನು ಚಹಾ ಬಿಟ್ಟರೆ ಬೇರೇನನ್ನೂ ಮುಟ್ಟದವನು. ಮರುದಿನ ಅವನು ಬೆನ್ನಿಗೆ ಪಂಪು ಕಟ್ಟಿಕೊಂಡು, ಮೂಗಿಗೆ ಟವೆಲ್ಲು ಸುತ್ತಿಕೊಂಡು, ಸಾಲುಸಾಲಾಗಿ ಕೀಟನಾಶಕ ಸಿಂಪಡಿಸುವುದನ್ನು ಕಂಡ ಮೇಲೆ ಅವಳ ಮುಖ ಅರಳುತ್ತದೆ.

ಹೊಲಕ್ಕೆ ಇಳಿದರಂತೂ ಈ ಎರಡಕ್ಷರಕ್ಕೆ ಬಿಡುವೇ ಇಲ್ಲ. ಮೊದಲು ರಂಟಿ ಹೊಡಿ, ಹೆಂಟೆ ಒಡೆದ ಮೇಲೆ ಕುಂಟಿ ಹೊಡಿ, ತಿಪ್ಪೆಯಿಂದ ಗೊಬ್ಬರ ಹೊಡಿ, ಬೆಳೆ ಗೇಣುದ್ದ ಎದ್ದಾಗ ಎಡಿ ಹೊಡಿ. ನೀರು ಸಾಲದೇ ಹೋದರೆ ಬೋರು ಹೊಡಸು. ನೀರು ಬೀಳದ ಬೋರಿನ ಮುಂದೆ ರಾತ್ರಿಯಿಡೀ ಕೂತ ಮನೆಯ ಹುಡುಗರಿಗೆ ಹೊಡೆಯುವ ಬೋರು ಇನ್ನೊಂದು. ಇದರಲ್ಲಿ ಗೊಬ್ಬರ ಹೊಡಿ ಅನ್ನುವುದನ್ನು ಸ್ವಲ್ಪ ನಿಂತು ನೋಡಬೇಕು. ಗೊಬ್ಬರಕ್ಕೆ ಯಾರೂ ಏಟು ಹಾಕುವುದಿಲ್ಲ. ಗೊಬ್ಬರ ತುಂಬಿದ ಚಕ್ಕಡಿಯ ಎತ್ತಿಗೆ ಬಾರಕೋಲಿನಿಂದ ಒಂದು ತಾಗಿಸುತ್ತಿದ್ದರು. ಏಟು ಎತ್ತಿಗೆ, ಕ್ರಿಯಾಪದ ಗೊಬ್ಬರಕ್ಕೆ. ನಡುವಿನ ಚಕ್ಕಡಿಯನ್ನೂ ಎತ್ತನ್ನೂ ಮಾತು ನುಂಗಿಬಿಟ್ಟಿದೆ.

ಕಬ್ಬಿನ ಸುಗ್ಗಿಯಲ್ಲಿ ಇದು ಕಣ್ಣಿಗೆ ಹೊಡೆದಂತೆ ಕಾಣುತ್ತದೆ. ಸಂಕೇಶ್ವರದ ಶ್ರೀ ಹಿರಣ್ಯಕೇಶಿ ಸಹಕಾರಿ ಸಕ್ಕರೆ ಕಾರ್ಖಾನೆಯ ಹಾದಿಯಲ್ಲಿ ಚಳಿಗಾಲವಿಡೀ ಟ್ರ್ಯಾಕ್ಟರುಗಳ ಸಾಲು. ಒಂದೊಂದು ಇಂಜಿನ್ನಿನ ಹಿಂದೆ ಎರಡೆರಡು ಡಬ್ಬಿ, ಡಬ್ಬಿಯ ಮೇಲೆ ಆಳೆತ್ತರ ಕಬ್ಬು, ಹಿಂದಿನಿಂದ ನೋಡಿದರೆ ಚಾಲಕನಿರಲಿ, ಟ್ರ್ಯಾಕ್ಟರೇ ಕಾಣುವುದಿಲ್ಲ. ಅಲ್ಲಿ ಕಬ್ಬು ಕಡಿಯುವವನು ಬೇರೆ, ಹೊಡೆಯುವವನು ಬೇರೆ. ಕಡಿಯುವವನ ಕೈಯಲ್ಲಿ ಕೊಯ್ತಾ, ಕಾಲ ಬುಡದಲ್ಲಿ ರವದಿ. ಹೊಡೆಯುವವನ ಕೈಯಲ್ಲಿ ಬರೀ ಸ್ಟೇರಿಂಗು. "ಇವತ್ತ ಎಷ್ಟ ಖೇಪ ಹೊಡದ್ಯೋ?" ಎಂದು ಚಹಾದಂಗಡಿಯಲ್ಲಿ ಒಬ್ಬ ಕೇಳುತ್ತಾನೆ. "ಎರಡ ಹೊಡದೇನಿ ಕಾಕಾ, ಮೂರನೇದ್ದಕ್ಕ ಪಾಳಿ ಹಚ್ಚೇನಿ" ಎಂದು ಡ್ರೈವರು ಕಣ್ಣುಜ್ಜಿಕೊಳ್ಳುತ್ತಾನೆ. ಎತ್ತು ಹೋಯಿತು, ಬಾರಕೋಲು ಹೋಯಿತು, ಹೊಡಿ ಮಾತ್ರ ಸೀಟಿನ ಮೇಲೆ ಗಟ್ಟಿಯಾಗಿ ಕೂತಿದೆ. ಪುಣೆ-ಬೆಂಗಳೂರು ಹೆದ್ದಾರಿ ಊರನ್ನು ಹಾದೇ ಹೋಗುವುದರಿಂದ ಲಾರಿ ಹೊಡೆಯುವವರು, ಕಾರು ಹೊಡೆಯುವವರು, ಜೆಸಿಬಿ ಹೊಡೆಯುವವರು ಇಲ್ಲಿ ಮನೆಮನೆಗೂ ಇದ್ದಾರೆ. ತಲೆಯ ಮೇಲೆ ವಿಮಾನ ಹಾದರೆ ಮಕ್ಕಳು ಕತ್ತೆತ್ತಿ, "ಅದನ್ನ ಹೊಡ್ಯಾಂವ ಯಾಂವ ಇರಬೇಕು?" ಅನ್ನುತ್ತವೆ. ಆ ಪ್ರಶ್ನೆಯಲ್ಲಿರುವುದು ಬೆರಗು ಮಾತ್ರ.

ಹೊಡೆಯುವುದು ಮತ್ತು ಮುಂದೆ ಸಾಗುವುದು ಒಂದೇ ಪದದಲ್ಲಿ ಮನೆ ಮಾಡಿರುವುದು ಕನ್ನಡವೊಂದರ ಹಣೆಬರಹವಲ್ಲ. ಪಾಣಿನಿಯ ಪರಂಪರೆಯ ಧಾತುಪಾಠ ಸಂಸ್ಕೃತದ ಹನ್ ಧಾತುವಿಗೆ ಹಿಂಸೆ ಮತ್ತು ಗತಿ ಎಂಬ ಎರಡೂ ಅರ್ಥಗಳನ್ನು ಜೋಡಿಸಿಯೇ ಹೇಳುತ್ತದೆ. ಇಂಗ್ಲಿಷರ ಡ್ರೈವ್ ಕೂಡ ಮೊದಲು ದನಕರುಗಳನ್ನು ಅಟ್ಟಿಕೊಂಡು ಹೋಗುವ ಮಾತಾಗಿತ್ತು. ಕಾರಿನ ಪಾಲಿಗೆ ಬಂದದ್ದು ಬಹಳ ತಡವಾಗಿ. ದನ ಕಟ್ಟಿದ ಜನರೆಲ್ಲ ಒಂದೇ ಹಾದಿಯಲ್ಲಿ ನಡೆದು ಬಂದಂತಿದೆ.

ಈ ಮಾತಿನ ಗುಂಟ ಹೋದರೆ ಜರ್ಮನಿಯ ಹೈಡೆಲ್‌ಬರ್ಗ್ ಸಿಗುತ್ತದೆ. ಅಮೆರಿಕದ ಲೇಖಕ ಮಾರ್ಕ್ ಟ್ವೇನ್ 1878ರಲ್ಲಿ ಅಲ್ಲಿ ತಂಗಿದ್ದು ಜರ್ಮನ್ ಕಲಿಯಲು ಹೆಣಗಿದ. 1880ರಲ್ಲಿ ಬಂದ ಅವನ ಪ್ರವಾಸಗ್ರಂಥದ ಕೊನೆಗೆ ಜರ್ಮನ್ ಭಾಷೆಯನ್ನು ಕುರಿತ ಒಂದು ಪ್ರಬಂಧವಿದೆ. ಲಿಂಗ, ವಿಭಕ್ತಿ, ಮಾರುದ್ದದ ಸಮಾಸಗಳ ಮೇಲೆ ಮುನಿಸಿಕೊಂಡವನು ಎರಡು ಚಿಕ್ಕ ಪದಗಳನ್ನು ಮಾತ್ರ ಬಾಯಿತುಂಬ ಹೊಗಳುತ್ತಾನೆ. ಒಂದು ಶ್ಲಾಗ್, ಇನ್ನೊಂದು ತ್ಸೂಗ್. ತ್ಸೂಗ್ ಎಂದರೆ ಎಳೆತ. ರೈಲೂ ಅದೇ, ಕಿಟಕಿಯಿಂದ ನುಗ್ಗುವ ಗಾಳಿಯೂ ಅದೇ, ಚದುರಂಗದ ನಡೆಯೂ ಅದೇ. ಶ್ಲಾಗ್ ಎಂದರೆ ಹೊಡೆತ. ಅದರ ಅರ್ಥಗಳನ್ನು ಟ್ವೇನ್ ಉದ್ದಕ್ಕೆ ಪೋಣಿಸಿಕೊಂಡು ಹೋಗುತ್ತಾನೆ: ಏಟು, ಆಘಾತ, ನಾಣ್ಯ, ಮುದ್ರೆ, ಬಗೆ, ಪಾರ್ಶ್ವವಾಯು, ಕಾಡು ಕಡಿದು ಬಯಲಾದ ಜಾಗ, ಹೀಗೆ. ಅಮೆರಿಕದವನಿಗೆ ಇದು ವಿಚಿತ್ರವಾಗಿ ಕಂಡಿರಬಹುದು. ಸಂಕೇಶ್ವರ ಇರುವ ಹುಕ್ಕೇರಿ ತಾಲ್ಲೂಕಿನವರಿಗೆ ಆ ಪಟ್ಟಿಯ ಅರ್ಧ ಮನೆಯ ಮಾತು.

ಇಲ್ಲಿ ಮುದುಕರಿಗೆ ಲಕ್ವಾ ಹೊಡೆಯುತ್ತದೆ. ಜರ್ಮನ್ನರು ಅದನ್ನು ಶ್ಲಾಗ್ ಅನ್ನುತ್ತಾರೆ, ಇಂಗ್ಲಿಷರು ಸ್ಟ್ರೋಕ್. ಮೂರೂ ನಾಡಿನ ಜನ ಆ ರೋಗವನ್ನು ಕಾಣದ ಕೈಯ ಏಟೆಂದೇ ತಿಳಿದರು. ವೈಶಾಖದಲ್ಲಿ ಬಿಸಿಲು ಹೊಡೆದು ಮಲಗುವುದಕ್ಕೆ ಜರ್ಮನ್ನಿನಲ್ಲಿ ಹಿಟ್ಸ್‌ಶ್ಲಾಗ್, ಬಿಸಿಯ ಹೊಡೆತ. 1969ರಲ್ಲಿ ಹುಕ್ಕೇರಿಯಲ್ಲಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಹುಟ್ಟಿತು. ದೇಶದಲ್ಲಿ ಇಂಥ ಸಂಘಗಳು ಬೆರಳೆಣಿಕೆಯಷ್ಟು. ಹಳ್ಳಿಗಳಿಗೆ ಕರೆಂಟು ಬಂತು, ಅದರ ಬೆನ್ನಿಗೇ ಶಾಕ್ ಹೊಡೆಯುವುದೂ ಬಂತು. ಜರ್ಮನ್ನರು ಕರೆಂಟಿನ ಶಾಕನ್ನೂ ಶ್ಲಾಗ್ ಎಂದೇ ಕರೆಯುತ್ತಾರೆ. ಅವರ ಜನಪ್ರಿಯ ಹಾಡಿನ ಹೆಸರು ಶ್ಲಾಗರ್, ಇಂಗ್ಲಿಷಿನಲ್ಲಿ ಅದು ಹಿಟ್, ಗೋಕಾಕದ ಟಾಕೀಜಿನ ಮುಂದೆಯೂ ಪಿಚ್ಚರು ಹಿಟ್ಟೇ. ಕಚೇರಿಯಲ್ಲಿ ಗುಮಾಸ್ತ ಕಾಗದಕ್ಕೆ ಶಿಕ್ಕಾ ಹೊಡೆಯುತ್ತಾನೆ. ಶಿಕ್ಕಾ ಎಂಬ ಪದ ಅರಬ್ಬಿಯಿಂದ ಬಂದದ್ದು, ಮೂಲದಲ್ಲಿ ನಾಣ್ಯ ಅಚ್ಚುಹಾಕುವ ಠಸ್ಸೆ. ಇಂಗ್ಲಿಷಿನಲ್ಲೂ ಜರ್ಮನ್ನಿನಲ್ಲೂ ನಾಣ್ಯವನ್ನು ಹೊಡೆದೇ ಮಾಡುತ್ತಾರೆ.

ಜರ್ಮನ್ನರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ವಿಯೆನ್ನಾದ ಕಾಫಿಯ ಮೇಲೆ ತೇಲುವ ಕಡೆದ ಕೆನೆಯೂ ಶ್ಲಾಗ್. ಪಾರಿವಾಳದ ಗೂಡೂ ಶ್ಲಾಗ್. ಅವರು ನಿಘಂಟು ತೆರೆದು ಪದ ಹುಡುಕುವುದಕ್ಕೆ ನಾಖ್‌ಶ್ಲಾಗೆನ್ ಅನ್ನುತ್ತಾರೆ. ಅದರೊಳಗೂ ಅದೇ ಹೊಡೆತ ಅಡಗಿದೆ.

ಇಂಗ್ಲಿಷಿನ ಕಥೆ ಬೇರೆ ದಿಕ್ಕಿಗೆ ತಿರುಗುತ್ತದೆ. ಶ್ಲಾಗ್‌ನ ಕ್ರಿಯಾಪದ ಶ್ಲಾಗೆನ್, ಅದರ ಒಡಹುಟ್ಟಿದ ಇಂಗ್ಲಿಷ್ ಪದ ಸ್ಲೇ. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೂ ಹೊಡೆ ಎಂಬ ಅರ್ಥವೇ ಇತ್ತು. ಬರಬರುತ್ತ ಕೊಲ್ಲು ಎಂಬ ಒಂದೇ ಅರ್ಥಕ್ಕೆ ಕುಗ್ಗಿತು. ಅದರ ಕೆಲಸಗಳನ್ನು ಸ್ಟ್ರೈಕ್, ಹಿಟ್, ಬೀಟ್ ಹಂಚಿಕೊಂಡವು. ಸ್ಟ್ರೈಕ್ ಎಂದರೆ ಮುಷ್ಕರ ಎಂಬ ಅರ್ಥ ಬಂದ ಬಗೆ ಸೊಗಸಾಗಿದೆ. 1768ರಲ್ಲಿ ಲಂಡನ್ ಬಂದರಿನ ನಾವಿಕರು ಕೂಲಿಯ ಜಗಳದಲ್ಲಿ ಹಡಗಿನ ಹಾಯಿಗಳನ್ನು ಇಳಿಸಿಬಿಟ್ಟರು. ಹಾಯಿ ಇಳಿಸುವುದಕ್ಕೆ ಅವರ ಮಾತು ಸ್ಟ್ರೈಕ್. ಅಲ್ಲಿಂದ ಗಿರಣಿ ಕಾರ್ಮಿಕರ ಬಾಯಿಗೆ ಬಂದು, ಗೋಕಾಕ ಫಾಲ್ಸಿನಂಥ ಊರುಗಳಿಗೂ ಮುಟ್ಟಿತು. ಇಲ್ಲೊಂದು ತಿರುವು ಇದೆ. ಇಂಗ್ಲಿಷಿನಲ್ಲಿ ಡೇರೆಯನ್ನು ಸ್ಟ್ರೈಕ್ ಮಾಡುವುದೆಂದರೆ ಕಿತ್ತು ಮಡಚುವುದು. ಜಾತ್ರೆಗೆ ಬಂದ ನಾಟಕ ಕಂಪನಿ ಡೇರೆ ಹೊಡೆಯಿತು ಎಂದರೆ ಕನ್ನಡಿಗರಿಗೆ ಗೂಟ ನೆಟ್ಟು ಎಬ್ಬಿಸಿತು ಎಂದರ್ಥ. ಜರ್ಮನ್ನರೂ ಈ ವಿಷಯದಲ್ಲಿ ಕನ್ನಡದ ಕಡೆಗೇ ಇದ್ದಾರೆ. ಡೇರೆ ಎಬ್ಬಿಸುವುದಕ್ಕೆ ಅವರು ಬಳಸುವುದು ಆವ್ಫ್‌ಶ್ಲಾಗೆನ್.

ಚಿಕ್ಕ ಪದಗಳಿಗೆ ಹೆಚ್ಚು ಅರ್ಥ ಎಂಬುದು ನಿಘಂಟುಕಾರರಿಗೆ ಹಳೆಯ ಅನುಭವ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ 1989ರ ಆವೃತ್ತಿಯಲ್ಲಿ ಸೆಟ್ ಎಂಬ ಕ್ರಿಯಾಪದಕ್ಕೆ 430 ಅರ್ಥಗಳಿದ್ದವು. ಮುಂದಿನ ಪರಿಷ್ಕರಣೆಯಲ್ಲಿ ರನ್ ಎಂಬುದು 645ಕ್ಕೆ ಏರಿತು. ಅದೊಂದೇ ಪದದ ಮುಂದೆ ಸಂಪಾದಕ ಪೀಟರ್ ಗಿಲಿವರ್ ಒಂಬತ್ತು ತಿಂಗಳು ಕೂತರು.

ಕನ್ನಡದಲ್ಲಿ ಅಂಥ ಕೆಲಸಕ್ಕೆ ಕೂತವನು ಒಬ್ಬ ಜರ್ಮನ್. 1832ರಲ್ಲಿ ಪೂರ್ವ ಫ್ರೀಸ್‌ಲ್ಯಾಂಡಿನ ರೆಸ್ಟರ್‌ಹಾಫೆಯಲ್ಲಿ ಹುಟ್ಟಿದ ಫರ್ಡಿನಾಂಡ್ ಕಿಟೆಲ್, 1853ರಲ್ಲಿ ಬಾಸೆಲ್ ಮಿಷನ್ನಿನ ಕೆಲಸಕ್ಕೆಂದು ಬಂದು ಕನ್ನಡದೊಳಗೆ ಮುಳುಗಿದ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವನ ನಿಘಂಟಿನಲ್ಲಿ ಸುಮಾರು 70,000 ಪದಗಳಿವೆ. ಮಾತು ಕನ್ನಡದ್ದು, ಅರ್ಥ ಇಂಗ್ಲಿಷಿನಲ್ಲಿ, ಬರೆದವನ ತಾಯಿನುಡಿ ಜರ್ಮನ್. ಹೊಡೆ, ಸ್ಟ್ರೈಕ್, ಶ್ಲಾಗೆನ್ ಮೂರೂ ಒಬ್ಬನೇ ಮನುಷ್ಯನ ಮೇಜಿನ ಮೇಲೆ ಸೇರಿದ್ದವು. ಹಳಗನ್ನಡ ಕಾವ್ಯವನ್ನೂ ಬೀದಿಯ ಗಾದೆಯನ್ನೂ ಒಂದೇ ಪುಟದಲ್ಲಿ ಕೂರಿಸಿದ ಆ ಧಾರಾಳತನಕ್ಕೆ ಕನ್ನಡಿಗರು ಇಂದಿಗೂ ಋಣಿಗಳು. ಪಾಲು ಹಾಲಾದಂತೆ, ಪುಲಿ ಹುಲಿಯಾದಂತೆ, ಹಳಗನ್ನಡದ ಪೊಡೆ ನಡುಗನ್ನಡಕ್ಕೆ ಬರುತ್ತ ಹೊಡೆಯಾಯಿತು. ಮನೆಯನ್ನು ಮನಿ, ಎಲೆಯನ್ನು ಎಲಿ ಎನ್ನುವ ಉತ್ತರದವರ ಬಾಯಲ್ಲಿ ಹೊಡಿಯಾಯಿತು.

ಸಂಕೇಶ್ವರದಿಂದ ಮಹಾರಾಷ್ಟ್ರದ ಗಡಹಿಂಗ್ಲಜ್ ಹತ್ತಿರ. ಪೇಟೆಯಲ್ಲಿ ಮರಾಠಿ ಮತ್ತು ಕನ್ನಡ ಒಂದೇ ತಕ್ಕಡಿಯಲ್ಲಿ ತೂಗುತ್ತವೆ. ಮರಾಠಿಗರು ಗಪ್ಪಾ ಮಾರತಾರೆ, ಶಿಟ್ಟಿ ಮಾರತಾರೆ, ಚಕ್ಕರ ಮಾರತಾರೆ. ಕನ್ನಡಿಗರು ಗಪ್ಪಾ ಹೊಡೀತಾರೆ, ಸೀಟಿ ಹೊಡೀತಾರೆ, ಚಕ್ಕರ ಹೊಡೀತಾರೆ. ಬೆಂಗಳೂರಿನವರ ಹರಟೆ ಹೊಡೆಯುವುದೂ ಇದರ ಬಂಧುವೇ. ಯಾರು ಯಾರಿಂದ ಕಲಿತರೆಂದು ಇಲ್ಲಿಯ ಜನ ಲೆಕ್ಕ ಇಡುವುದಿಲ್ಲ. ಸಾಂಗ್ಲಿ ಜಿಲ್ಲೆಯ ಕುಪ್ವಾಡದಲ್ಲಿ ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ನಡೆಸಿದ ಅಧ್ಯಯನ 1971ರಲ್ಲಿ ಪ್ರಕಟವಾಯಿತು. ಭಾಷಾವಿಜ್ಞಾನ ಓದುವವರೆಲ್ಲ ಇಂದಿಗೂ ಅದನ್ನು ನೆನೆಯುತ್ತಾರೆ. ಕನ್ನಡ, ಮರಾಠಿ, ಉರ್ದು ತಲೆಮಾರುಗಳಿಂದ ಒಂದೇ ಊರಿನಲ್ಲಿ ಬಾಳಿ, ಪದಗಳು ಬೇರೆಬೇರೆಯಾಗಿಯೇ ಉಳಿದು, ವಾಕ್ಯದ ಎಲುಬುಗೂಡು ಮಾತ್ರ ಒಂದೇ ಆಗಿಬಿಟ್ಟದ್ದನ್ನು ಅವರು ಅಲ್ಲಿ ಕಂಡರು. ಸಂಕೇಶ್ವರದ ಚಹಾದಂಗಡಿಯ ಬೆಂಚಿನ ಮೇಲೆ ಕೂತರೂ ಅದೇ ಸಂಗತಿ ಕಿವಿಗೆ ಬೀಳುತ್ತದೆ.

ಮೆಣಸಿನಕಾಯಿ ಪೇಟೆಯಲ್ಲಿ ಇನ್ನೂ ಒಂದು ಚಂದ ಇದೆ. ಸಂಕೇಶ್ವರಿ ಮೆಣಸಿನಕಾಯಿಗೆ ಕೊಲ್ಲಾಪುರದ ಮಸಾಲೆಯವರಲ್ಲಿ ದೊಡ್ಡ ಹೆಸರು. ಉದ್ದ, ತೆಳು, ಖಾರ ಜೋರು. ಚೀಲ ಬಿಚ್ಚಿ ರಾಶಿ ಸುರಿದ ಕೂಡಲೇ ಘಾಟು ಹೊಡೆದು ನಿಂತವರೆಲ್ಲ ಸೀನುತ್ತಾರೆ. ಅಲ್ಲಿ ಕನ್ನಡದ ರೈತ, "ಮಾರಾಕ ಬಂದೇನಿ" ಅನ್ನುತ್ತಾನೆ. ಎದುರಿನ ಮರಾಠಿ ದಲಾಲನಿಗೆ ಮಾರ್ ಎಂದರೆ ಹೊಡಿ. ಆದರೂ ಅಲ್ಲಿ ಯಾರೂ ಗೊಂದಲಕ್ಕೆ ಬೀಳುವುದಿಲ್ಲ. ಎರಡು ಭಾಷೆಯ ಎರಡು ಮಾರುಗಳನ್ನು ಜನ ಒಂದೇ ಉಸಿರಿನಲ್ಲಿ ಬೇರೆಬೇರೆ ಇಟ್ಟುಕೊಂಡು ಬಂದಿದ್ದಾರೆ. ಇಂಥ ಜಾಣತನಕ್ಕೆ ಪ್ರಮಾಣಪತ್ರ ಕೊಡುವ ಶಾಲೆ ಎಲ್ಲಿಯೂ ಇಲ್ಲ.

ಎಲ್ಲದಕ್ಕೂ ಹೊಡಿ ಎಂದು ತಿಳಿದರೆ ತಪ್ಪಾದೀತು. ರೊಟ್ಟಿಯನ್ನು ಯಾರೂ ಹೊಡೆಯುವುದಿಲ್ಲ, ಬಡಿಯುತ್ತಾರೆ. ಶೇಂಗಾ ಬಡಿಯುತ್ತಾರೆ. ಮಜ್ಜಿಗೆ ಕಡೆಯುತ್ತಾರೆ, ಕಬ್ಬು ಕಡಿಯುತ್ತಾರೆ. ಹಲಗಿಯನ್ನು ಬಾರಿಸುತ್ತಾರೆ, ಬಡಿಯುತ್ತಾರೆ, ಆದರೆ ಊರಿಗೆ ಸುದ್ದಿ ಮುಟ್ಟಿಸಬೇಕಾದರೆ ಡಂಗುರ ಹೊಡೆಯುತ್ತಾರೆ. ಮೂರು ವರ್ಷದ ಮಗುವೂ ಈ ವ್ಯತ್ಯಾಸದಲ್ಲಿ ಎಡವುವುದಿಲ್ಲ. ಹತ್ತಿರದಿಂದ ನೋಡಿದರೆ ಒಂದು ಜಾಡು ಸಿಗುತ್ತದೆ. ಬಡಿಯುವ ಕೈ ಇದ್ದಲ್ಲೇ ಇರುತ್ತದೆ. ಕೊಣಮಿಗೆಯ ಹಿಟ್ಟು ನಾದಿದವಳು ಅಂಗೈಯನ್ನು ರೊಟ್ಟಿಯ ಮೇಲೆ ತಿರುಗಿಸುತ್ತ ತಟ್ಟಿತಟ್ಟಿ ಅಗಲ ಮಾಡುತ್ತಾಳೆ, ಕೈ ಅಲ್ಲಿಂದ ಕದಲುವುದಿಲ್ಲ. ಹೊಡೆಯುವ ಕೈ ದೂರಕ್ಕೆ ಚಾಚುತ್ತದೆ. ಥಳಿಯ ನೀರು ಅಂಗಳದ ಅಂಚಿಗೆ ಹೋಗಬೇಕು, ಕಸ ಹೊಸ್ತಿಲು ದಾಟಬೇಕು, ಬಣ್ಣ ಗೋಡೆಯ ಉದ್ದಕ್ಕೆ ಹರಡಬೇಕು, ಖೇಪು ಕಾರ್ಖಾನೆ ಮುಟ್ಟಬೇಕು, ಡಂಗುರ ಕಡೆಯ ಮನೆಗೆ ಕೇಳಿಸಬೇಕು. ಮೊಳೆ, ಶಿಕ್ಕಾ ಇವು ಈ ಲೆಕ್ಕಕ್ಕೆ ಪೂರ್ತಿ ಸಿಗುವುದಿಲ್ಲ. ಸಿಗಲೇಬೇಕೆಂಬ ಹಟವೂ ಬೇಡ. ಇಷ್ಟು ಮಾತ್ರ ನಿಜ, ಈ ಪದದ ಜೀವ ಇರುವುದು ನೋವಿನಲ್ಲಲ್ಲ, ಬೀಸಿನಲ್ಲಿ.

ಅದಕ್ಕೇ ಶಾಲೆಯ ಪಟ್ಟಿಪುಸ್ತಕದ ಮೇಲೆ ಈ ಪದಕ್ಕೆ ಕೆಂಪು ಗೆರೆ ಬಿದ್ದಾಗ ಮನಸ್ಸಿಗೆ ಕಸಿವಿಸಿಯಾಗುತ್ತದೆ. ನಮ್ಮಪ್ಪ ಟ್ರ್ಯಾಕ್ಟರ್ ಹೊಡೆಯುತ್ತಾನೆ ಎಂದು ಬರೆದ ಹುಡುಗನಿಗೆ ಚಲಾಯಿಸುತ್ತಾನೆ ಎಂದು ತಿದ್ದುತ್ತಾರೆ. ಅವ್ವ ಕಸ ಹೊಡೆಯುತ್ತಾಳೆ ಎಂಬುದು ಗುಡಿಸುತ್ತಾಳೆ ಆಗುತ್ತದೆ, ಎಣ್ಣೆ ಹೊಡೆಯುವುದು ಕೀಟನಾಶಕ ಸಿಂಪಡಣೆ ಆಗುತ್ತದೆ. ತಿದ್ದಿದವರ ಉದ್ದೇಶ ಒಳ್ಳೆಯದೇ, ಪರೀಕ್ಷೆಯ ಭಯವೂ ನಿಜವೇ. ಆದರೆ ಹುಡುಗ ಕಲಿತು ಮನೆಗೆ ಒಯ್ಯುವುದು ಹೊಸ ಪದವನ್ನಷ್ಟೇ ಅಲ್ಲ, ಅಪ್ಪ ಅವ್ವನ ಮಾತು ತಪ್ಪು ಎಂಬ ಸಂಶಯವನ್ನೂ. ಚಲಾಯಿಸು ಇರಲಿ, ಹೊಡಿಯೂ ಇರಲಿ, ಎರಡನ್ನೂ ಹಿಡಿಯುವಷ್ಟು ಮಕ್ಕಳ ತಲೆಯಲ್ಲಿ ಜಾಗವಿದೆ. ಗೋಕಾಕ ತಾಲ್ಲೂಕಿನ ಬೆಟಗೇರಿಯಲ್ಲಿ 1900ರಲ್ಲಿ ಹುಟ್ಟಿದ ಆನಂದಕಂದರು, ಅಂದರೆ ಬೆಟಗೇರಿ ಕೃಷ್ಣಶರ್ಮರು, ಈ ನೆಲದ ಆಡುಮಾತನ್ನೇ ಪದ್ಯಕ್ಕೂ ಗದ್ಯಕ್ಕೂ ತಂದರು. ಅದೇ ತಾಲ್ಲೂಕಿನ ಮಲಾಮರಡಿಯ ಬಸವರಾಜ ಕಟ್ಟೀಮನಿಯವರು ಕಾದಂಬರಿ ಬರೆದರು. ಮೂಡಲಗಿ ಕಡೆಯ ಕುಲಗೋಡ ತಮ್ಮಣ್ಣನ ಶ್ರೀಕೃಷ್ಣ ಪಾರಿಜಾತದಲ್ಲಿ ದೇವರ ಮನೆಯ ಜಗಳವೂ ಇಲ್ಲಿಯ ಧಾಟಿಯಲ್ಲೇ ನಡೆಯುತ್ತದೆ. ಕೃಷ್ಣ ರುಕ್ಮಿಣಿಯರ ಬಾಯಿಗೆ ಒಪ್ಪಿದ ಮಾತು ಐದನೆಯ ಇಯತ್ತೆಯ ಪ್ರಬಂಧಕ್ಕೆ ಒಪ್ಪದೇ ಹೋಗಬಾರದು.

ಹೊಡಿಗೆ ಇನ್ನೊಂದು ಮುಖವಿದೆ, ಪೇಟೆಯವರಿಗೆ ಅದು ಅಷ್ಟಾಗಿ ಪರಿಚಯವಿಲ್ಲ. ಹಳಗನ್ನಡದಲ್ಲಿ ಪೊಡೆ ಎಂದರೆ ಹೊಟ್ಟೆ, ಬಸಿರು. ತೆನೆ ಇನ್ನೂ ಎಲೆಯ ಸುರುಳಿಯೊಳಗೆ ಅಡಗಿ, ದಂಟಿನ ತುದಿ ಉಬ್ಬಿಕೊಂಡು ನಿಂತ ಹೊತ್ತಿಗೆ ರೈತರು ಇಂದಿಗೂ ಹೊಡೆ ಅನ್ನುತ್ತಾರೆ. ಏಟಿಗೂ ಬಸಿರಿಗೂ ಒಂದೇ ಉಚ್ಚಾರ. ಹಿಂಗಾರಿ ಜೋಳ ಆ ಹಂತಕ್ಕೆ ಬಂದಾಗ ಬದುವಿನ ಮೇಲೆ ನಿಂತು ನೋಡಿದರೆ, ದಂಟು ತೆಳ್ಳಗೆ ಏರಿ ಮೇಲುಗಡೆ ಒಮ್ಮೆಲೆ ದಪ್ಪಗಾಗಿರುತ್ತದೆ. ಕಡೆಯ ಎಲೆಯ ಬುಡ ಬಿಗಿದಿರುತ್ತದೆ, ಬೆರಳಿನಿಂದ ಒತ್ತಿದರೆ ಒಳಗಿನ ಎಳೆ ತೆನೆ ಮೆತ್ತಗೆ ಸಿಗುತ್ತದೆ. ಆ ವಾರ ನೆಲದಲ್ಲಿ ಹಸಿ ಇದ್ದರೆ ಬೆಳೆ ಗೆದ್ದಂತೆ, ಬಿರಿದರೆ ಕಾಳು ಸಣ್ಣ. ಹಿರಿಯರು ಹೊಲದ ಮಾತನ್ನು ಆಡುವಾಗ ದನಿ ಇಳಿಸಿ, ಬಸುರಿ ಹೆಂಗಸಿನ ಬಗ್ಗೆ ಮಾತಾಡಿದ ಹಾಗೆ ಮಾತಾಡುತ್ತಾರೆ.

ಹೊಡೆ ಬಿಚ್ಚಿ ತೆನೆ ಹೊರಬಿದ್ದು ಕಾಳು ಹಾಲು ಕಟ್ಟಿತೋ, ಗುಬ್ಬಿಗಳೂ ಗಿಳಿಗಳೂ ಹಿಂಡುಗಟ್ಟಿ ಇಳಿಯುತ್ತವೆ. ಆಗ ಹೊಲದ ನಡುವೆ ಮಂಚಿಕೆ ಏರುತ್ತದೆ, ಅಟ್ಟದ ಮೇಲಿನ ಹಳೆಯ ಕವಣಿ ಕೆಳಗೆ ಇಳಿಯುತ್ತದೆ. ಕವಣಿಯ ಕಲ್ಲು ಹಕ್ಕಿಗೆ ತಾಗುವುದು ಅಪರೂಪ, ತಾಗಲೆಂದು ಬೀಸುವವರೂ ಕಡಿಮೆ. ಬೀಸಿನ ಸದ್ದಿಗೇ ಹಿಂಡು ಎದ್ದು ಆಚೆ ಹೊಲಕ್ಕೆ ಹಾರುತ್ತದೆ. ಆಚೆಯವರು ಎಬ್ಬಿಸಿದರೆ ಮತ್ತೆ ಈಚೆಗೆ. ಮುಂಜಾನೆ ಐದೂವರೆಗೆ ಹೋಗಿ ಬಿಸಿಲೇರುವ ತನಕ, ಸಂಜೆ ಮತ್ತೆ ಹೊತ್ತು ಮುಳುಗುವ ತನಕ, ಮನೆಯಲ್ಲಿ ಒಬ್ಬರಿಗೆ ಅದೇ ಕೆಲಸ. ಆ ದಿನಗಳಲ್ಲಿ ಸಂಕೇಶ್ವರದ ಸುತ್ತಿನ ಹಳ್ಳಿಗಳಲ್ಲಿ ದೋಸ್ತರು ಸಿನಿಮಾಕ್ಕೆ ಕರೆಯಲು ಬಂದರೆ ಕಟ್ಟೆಯ ಮೇಲಿನ ಅಜ್ಜಿಯಿಂದ ಸಿಗುವ ಉತ್ತರ ಹೀಗಿರುತ್ತದೆ: "ಅಂವ ಎಲ್ಲಿ ಬರತಾನಪಾ, ಜ್ವಾಳ ಹೊಡಿ ಬಿಚ್ಚ್ಯಾವ, ಹಕ್ಕಿ ಹೊಡ್ಯಾಕ ಹೋಗ್ಯಾನ. ನೀವರೆ ಕುಂದರ್ರಿ, ಒಂದೊಂದ ಕಪ್ಪ ಚಾ ಹೊಡದ ಹೋಗ್ರಿ."